ಮೋನಾನ್ ಬೆಲ್ ಪಂದ್ಯ: ವಾಬ್ಯಾಶ್ ಕಡೆ ಕೂರಲೋ, ಡಿಪಾ ಕಡೆ ಕೂರಲೋ?

ಕಾರ್ಮೆಲ್ ಅತ್ತೆ:

ಇಂಡಿಯಾನಾದಲ್ಲಿ ಇರುವವರು, ಇಲ್ಲಿ ಓದಿದವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ. ನನ್ನ ಅಣ್ಣನ ಮಗ ಗ್ರೀನ್‌ಕ್ಯಾಸಲ್‌ನ ಡಿಪಾ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ. ಈ ಶನಿವಾರ ವಾಬ್ಯಾಶ್ ಕಾಲೇಜಿನ ಜೊತೆ ಮೋನಾನ್ ಬೆಲ್ ಅನ್ನುವ ಫುಟ್‌ಬಾಲ್ ಪಂದ್ಯ ಇದೆ, ಅತ್ತೆ ಬರಲೇಬೇಕು ಅಂತ ಒಂದೇ ಹಠ. ಆ ಕಡೆ ನಮ್ಮ ಯಜಮಾನರ ಆಫೀಸಿನಲ್ಲಿ ವಾಬ್ಯಾಶ್‌ನಲ್ಲಿ ಓದಿದವರೊಬ್ಬರಿದ್ದಾರೆ. ವಾರವಿಡೀ ಕೆಂಪು ಬಟ್ಟೆ ಬಿಟ್ಟು ಬೇರೆ ಹಾಕಿಲ್ಲವಂತೆ. ಇವರು ಅವರ ಪಕ್ಕ ಕೂರುತ್ತೇನೆ ಅಂತ ಮಾತು ಕೊಟ್ಟು ಬಂದಿದ್ದಾರೆ. ಈಗ ಮನೆಯಲ್ಲೇ ಎರಡು ಪಾರ್ಟಿ.

ನನಗೆ ಅಮೆರಿಕನ್ ಫುಟ್‌ಬಾಲ್ ಅಂದರೆ ಥ್ಯಾಂಕ್ಸ್‌ಗಿವಿಂಗ್ ದಿನ ಯಾರದೋ ಮನೆ ಟಿವಿಯಲ್ಲಿ ನಡೆಯುವ ಗಲಾಟೆ, ಅಷ್ಟೇ. ಯಾರು ಗೆಲ್ಲಬಹುದು? ಯಾವ ಕಡೆ ಕೂರುವುದು ವಾಸಿ? ಇಷ್ಟು ಪುಟ್ಟ ಕಾಲೇಜುಗಳ ಆಟಕ್ಕೆ ಇಷ್ಟೊಂದು ಹುಚ್ಚು ಯಾಕೆ?

ಮೈಸೂರು ಲಿಟಲ್ ಜೈಂಟ್:

ಅತ್ತೆ, ವಾಬ್ಯಾಶ್ ಕಡೆ ಕೂರಿ. ಚರ್ಚೆ ಮುಗಿಯಿತು.

ಸರಿ, ಕಾರಣ ಹೇಳುತ್ತೇನೆ. ನಾನು ಮೈಸೂರಿನಿಂದ ಬಂದು ವಾಬ್ಯಾಶ್‌ನಲ್ಲಿ ಓದಿದವನು. ಊರು ಕ್ರಾಫರ್ಡ್ಸ್‌ವಿಲ್. 1832ರಲ್ಲಿ ಶುರುವಾದ ಕಾಲೇಜು, ಇವತ್ತಿಗೂ ಗಂಡು ಹುಡುಗರು ಮಾತ್ರ. ಅಮೆರಿಕದಲ್ಲಿ ಅಂಥವು ಬೆರಳೆಣಿಕೆಯಷ್ಟು ಉಳಿದಿವೆ. ಒಟ್ಟು ಒಂಬೈನೂರರ ಆಸುಪಾಸು ಹುಡುಗರು. ಅದರಲ್ಲಿ ಹತ್ತಕ್ಕೆ ಒಬ್ಬನಾದರೂ ಫುಟ್‌ಬಾಲ್ ತಂಡದಲ್ಲಿ ಇರುತ್ತಾನೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ನನ್ನ ಪಾರ್ಟ್‌ನರ್ ಆಗಿದ್ದವನು ಡಿಫೆನ್ಸಿವ್ ಟ್ಯಾಕಲ್, ಅಂದರೆ ಎದುರಾಳಿಯನ್ನು ಮುಂದೆ ನಿಂತು ತಡೆಯುವ ದೈತ್ಯ. ಅವನ ಕೈಯಲ್ಲಿ ಟೆಸ್ಟ್ ಟ್ಯೂಬು ಅಗರಬತ್ತಿ ಥರ ಕಾಣುತ್ತಿತ್ತು. ದೊಡ್ಡ ಯೂನಿವರ್ಸಿಟಿಗಳಲ್ಲಿ ಆಟಗಾರರನ್ನು ಪೋಸ್ಟರಿನಲ್ಲಿ ನೋಡುತ್ತೀರಿ. ಇಲ್ಲಿ ಅವನು ನಿಮ್ಮ ನೋಟ್ಸ್ ಕೇಳಿಕೊಂಡು ರೂಮಿಗೆ ಬರುತ್ತಾನೆ.

ಹುಚ್ಚಿಗೆ ಇನ್ನೊಂದು ಕಾರಣ ದೂರ. ಎರಡು ಊರಿನ ನಡುವೆ 27 ಮೈಲಿ. 231ನೇ ಹೆದ್ದಾರಿ ಹಿಡಿದರೆ ಒಂದು ಕಾಫಿ ಮುಗಿಯುವಷ್ಟರಲ್ಲಿ ಶತ್ರುವಿನ ಮನೆ. ಮೊದಲ ಪಂದ್ಯ ನಡೆದದ್ದು 1890ರಲ್ಲಿ. ಪಂದ್ಯಕ್ಕೆ ಹೆಸರು ಕೊಟ್ಟ ಗಂಟೆ, ಅದೇ ಮೋನಾನ್ ಬೆಲ್, ಬಂದದ್ದು 1932ರಲ್ಲಿ. ಮೋನಾನ್ ರೈಲು ಎರಡೂ ಊರಿನ ಮೇಲೆ ಹೋಗುತ್ತಿತ್ತು, ಆ ಕಂಪನಿಯೇ ತನ್ನ ಎಂಜಿನ್ನಿನ ಗಂಟೆ ಬಿಚ್ಚಿ ಕೊಟ್ಟಿತು. ತೂಕ ಸುಮಾರು 300 ಪೌಂಡ್. ಒಂದು ಪಕ್ಕ ನಮ್ಮ ಕೆಂಪು, ಇನ್ನೊಂದು ಪಕ್ಕ ಅವರ ಚಿನ್ನದ ಬಣ್ಣ. ಗೆದ್ದವರು ಒಂದು ವರ್ಷ ಇಟ್ಟುಕೊಳ್ಳುತ್ತಾರೆ. ತಮಾಷೆ ಅಂದರೆ, ಗಂಟೆ ಇಟ್ಟು ಆಡಿದ ಮೊದಲ ಪಂದ್ಯವೇ 0-0!

ಒಟ್ಟು ಲೆಕ್ಕದಲ್ಲಿ ವಾಬ್ಯಾಶ್ ಸ್ವಲ್ಪ ಮುಂದಿದೆ. 2009ರಿಂದ 2015ರವರೆಗೆ ಸತತ ಏಳು ಸಲ ಗಂಟೆ ನಮ್ಮದು. 2010ರಲ್ಲಿ 47-0. ಇನ್ನೇನು ಹೇಳಲಿ?

ಜಯನಗರ ಟೈಗರ್:

ಇನ್ನೇನು ಹೇಳಬೇಕು ಅಂತ ನಾನು ಹೇಳುತ್ತೇನೆ. 2016ರಲ್ಲಿ ಆ ಏಳರ ಸರಪಳಿ ಕಡಿದವರು ಯಾರು? ಡಿಪಾ, 37-34. 2022ರಲ್ಲಿ? ಡಿಪಾ, 49-14. 2023ರಲ್ಲಿ? ಡಿಪಾ, 33-30. ವಾಬ್ಯಾಶ್‌ನವರ ಕ್ಯಾಲೆಂಡರ್ 2015ಕ್ಕೇ ನಿಂತುಬಿಟ್ಟಿರುತ್ತದೆ ಅತ್ತೆ, ಸುಮ್ನೆ ನಗುತ್ತಾ ತಲೆ ಆಡಿಸಿ.

ನಾನು ಡಿಪಾದಲ್ಲಿ ಓದಿದವಳು, ಈಗ ಬೆಂಗಳೂರಿಗೆ ವಾಪಸ್. ನಮ್ಮ ಕಾಲೇಜು 1867ರಲ್ಲೇ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಅವರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ನೀವು ಒಬ್ಬರೇ ಹೆಂಗಸು ಅಲ್ಲಿ ಆ ಕೆಂಪು-ಬಿಳಿ ಪಟ್ಟೆಯ ಓವರಾಲ್ ಹಾಕಿಕೊಂಡ ಹುಡುಗರ ನಡುವೆ ಸಿಕ್ಕಿಕೊಂಡರೆ ಮೂರು ಗಂಟೆ ಕಿವಿ ಮುಚ್ಚಿಕೊಂಡೇ ಕೂರಬೇಕು. ಸ್ಫಿಂಕ್ಸ್ ಕ್ಲಬ್ ಅನ್ನುವ ಅವರ ವಿದ್ಯಾರ್ಥಿ ಸಂಘದ ವೇಷ ಅದು. ಅವರು ನಮ್ಮನ್ನು 'ಡ್ಯಾನಿ' ಅನ್ನುತ್ತಾರೆ, ನಾವು ಅವರನ್ನು 'ವಾಲಿ' ಅನ್ನುತ್ತೇವೆ. ಯಾರಾದರೂ ನಿಮ್ಮನ್ನು ಡ್ಯಾನಿ ಅತ್ತೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ಪ್ರೀತಿ.

ಶನಿವಾರಕ್ಕೆ ಬಂದರೆ, ನನ್ನ ಓಟು ಡಿಪಾಗೆ. ಹತ್ತು ಪಾಯಿಂಟಿನ ಅಂತರ. ತರಬೇತುದಾರ ಬ್ರೆಟ್ ಡೀಟ್ಸ್ ತಾನೇ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಆಟಗಾರ, ಆಗಿದ್ದವರು. ಅವರು ಬಂದಮೇಲೆ ನಮ್ಮ ಹುಡುಗರು ಚೆಂಡನ್ನು ಎಸೆಯುವ ರೀತಿಯೇ ಬದಲಾಗಿದೆ.

ಬಾಯ್ಲರ್ ಬಸ್ಯಾ:

ನಾನು ಪರ್ಡ್ಯೂ ಯೂನಿವರ್ಸಿಟಿಯವನು. ಕ್ರಾಫರ್ಡ್ಸ್‌ವಿಲ್‌ನಿಂದ ಅರ್ಧ ಗಂಟೆ ಮೇಲಕ್ಕೆ ಬಂದರೆ ನಮ್ಮ ಸ್ಟೇಡಿಯಂ, ಐವತ್ತು ಸಾವಿರಕ್ಕೂ ಜಾಸ್ತಿ ಸೀಟು. ನೀವಿಬ್ಬರೂ ಒಂದು ಹಳೇ ರೈಲು ಗಂಟೆಗೆ ಜಗಳ ಆಡುತ್ತಿದ್ದೀರಿ. ಡಿವಿಷನ್ ಮೂರು, ಅಂದರೆ ಕಾಲೇಜು ಆಟದ ಕೆಳಗಿನ ಮಟ್ಟ, ಅಲ್ವಾ? ಈ ಮೈದಾನದಿಂದ ದುಡ್ಡಿಗೆ ಆಡುವ ದೊಡ್ಡ ಲೀಗು ಎನ್‌ಎಫ್‌ಎಲ್‌ಗೆ ಎಷ್ಟು ಜನ ಹೋಗುತ್ತಾರೆ? ಅತ್ತೆ, ನಿಜವಾದ ಫುಟ್‌ಬಾಲ್ ನೋಡಬೇಕಾದರೆ ಈ ಕಡೆ ಬನ್ನಿ.

ಮೈಸೂರು ಲಿಟಲ್ ಜೈಂಟ್:

ಬಸ್ಯಾ, ಒಳ್ಳೇ ಪ್ರಶ್ನೆ ಕೇಳಿದೆ. ಉತ್ತರ: ಹೆಚ್ಚುಕಮ್ಮಿ ಯಾರೂ ಹೋಗುವುದಿಲ್ಲ. ಅದಕ್ಕೇ ಈ ಪಂದ್ಯ ನೋಡಬೇಕು ಅನ್ನುತ್ತಿರುವುದು.

ಡಿವಿಷನ್ ಮೂರರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ. ಒಂದು ಡಾಲರೂ ಇಲ್ಲ. ಫೀಸು ಕಟ್ಟಿ, ಬೆಳಗ್ಗೆ ಎದ್ದು ತೂಕ ಎತ್ತಿ, ಸಂಜೆ ಮೂಳೆ ನೋಯಿಸಿಕೊಂಡು, ರಾತ್ರಿ ಎಕನಾಮಿಕ್ಸ್ ಪೇಪರ್ ಬರೆಯುವವರು ಇವರು. ಬೆಲ್ ಪಂದ್ಯ ಲೀಗ್ ಸೀಸನ್ನಿನ ಕೊನೆಯದು. ಮುಂದಿನ ನಾಕೌಟ್ ಸುತ್ತಾದ ಪ್ಲೇಆಫ್‌ಗೆ ಹೋಗದಿದ್ದರೆ ಕೊನೇ ವರ್ಷದ ಹುಡುಗರಿಗೆ ಅದೇ ಜೀವನದ ಕೊನೆಯ ಫುಟ್‌ಬಾಲ್ ಪಂದ್ಯ. ಎಂಟು ವರ್ಷದವನಿದ್ದಾಗಿಂದ ಆಡಿದ್ದನ್ನು ಅವತ್ತು ಸಂಜೆ ನಾಲ್ಕಕ್ಕೆ ಬಿಚ್ಚಿಟ್ಟು ಹೋಗಬೇಕು. ಹಾಗಾಗಿ ಮೂರನೇ ಕ್ವಾರ್ಟರ್ ಮುಗಿದ ಮೇಲೆ ನಡೆಯುವ ಆಟಕ್ಕೆ ಸೀಸನ್ನಿನ ಅಂಕಿಅಂಶ ಹೊಂದುವುದಿಲ್ಲ. ಟೈಗರ್ ಮೇಡಂ ಹತ್ತು ಪಾಯಿಂಟ್ ಅಂದರು. ನನಗೆ ನಂಬಿಕೆ ಇಲ್ಲ. ಯಾರೇ ಗೆದ್ದರೂ ಮೂರೋ ಆರೋ.

2001ರ ಪಂದ್ಯಕ್ಕೆ ನಾನಿದ್ದೆ. 21-21. ಗಡಿಯಾರದಲ್ಲಿ ಒಂದೇ ಒಂದು ಆಟಕ್ಕೆ ಸಮಯ. ನಮ್ಮ ಜೇಕ್ ನಾಟ್ ಮೈದಾನದ ನಡುವಿನಿಂದ ಚೆಂಡನ್ನು ಮೇಲಕ್ಕೆ ಎಸೆದ, ಇನ್ನು ದೇವರೇ ಗತಿ ಅನ್ನುವ ಥರ. ಅಲ್ಲಿ ಡಿಪಾದವರ ಗುಂಪಿನ ನಡುವೆ ರಯನ್ ಶಾರ್ಟ್ ಹಾರಿದ. ಹಿಡಿಯಲಿಲ್ಲ. ಕೈ ತಾಗಿಸಿ ಪಕ್ಕಕ್ಕೆ ತಳ್ಳಿದ. ಅದು ನೆಟ್ಟಗೆ ಹೋಗಿ ಕರ್ಟ್ ಕ್ಯಾಸ್ಪರ್ ಕೈಗೆ ಬಿತ್ತು. ಅವನು ಗೆರೆ ದಾಟಿದ, ಅದೇ ಟಚ್‌ಡೌನ್, ಆರು ಪಾಯಿಂಟ್. 27-21. ನನ್ನ ಪಕ್ಕ ಇದ್ದ ಗ್ರೀಕ್ ಕಲಿಸುವ ಮೇಷ್ಟ್ರು ಟೋಪಿ ಎಸೆದರು, ಅದು ಅವರಿಗೆ ಮತ್ತೆ ಸಿಗಲಿಲ್ಲ. ವಾಬ್ಯಾಶ್‌ನವರು ಆ ಆಟವನ್ನು ಈಗಲೂ 'ದಿ ಕ್ಯಾಚ್' ಅನ್ನುತ್ತಾರೆ.

ಅತ್ತೆಗೆ ಒಂದು ಮಾತು. ಎಲ್ಲರೂ ಚೆಂಡು ನೋಡುತ್ತಾರೆ. ನೀವು ನೋಡಬೇಡಿ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ನಿಯಮ ಅಷ್ಟು ತಿಳಿದರೆ ಸಾಕು. ಕಣ್ಣು ಮಾತ್ರ ಚೆಂಡಿನ ಮುಂದೆ ಬಗ್ಗಿ ನಿಂತ ಐದು ದಪ್ಪ ಹುಡುಗರ ಮೇಲೆ ಇರಲಿ. ಜಾತ್ರೆಯಲ್ಲಿ ತೇರಿಗೆ ಭುಜ ಕೊಡುವವರ ಥರ ಅವರು ಒಟ್ಟಿಗೆ ಒಂದು ಹೆಜ್ಜೆ ಮುಂದೆ ಇಡುತ್ತಿದ್ದರೆ ಆ ತಂಡ ಗೆಲ್ಲುತ್ತಿದೆ ಅಂತ ಲೆಕ್ಕ. ಹಿಂದಕ್ಕೆ ಬರುತ್ತಿದ್ದರೆ ಕ್ವಾರ್ಟರ್‌ಬ್ಯಾಕ್ ಎಷ್ಟು ಚೆನ್ನಾಗಿ ಎಸೆದರೂ ಅಷ್ಟೇ. ನವೆಂಬರ್ ಗಾಳಿಯಲ್ಲಿ ಎಸೆತಕ್ಕೆ ಬೆಲೆ ಕಡಿಮೆ. ಆ ಐವರಿಗೇ ಲೈನ್ ಅನ್ನುವುದು. ನಮ್ಮ ಲೈನ್ ಈ ಸಲ ಗಟ್ಟಿ. ನಾನು ವಾಬ್ಯಾಶ್ ಅನ್ನುವುದು ಬರೀ ಅಭಿಮಾನಕ್ಕಲ್ಲ.

ಇನ್ನು ತರಬೇತುದಾರರ ಮಾತು ಎತ್ತಿದ್ದೀರಿ. ನಮ್ಮ ಜೇಕ್ ಗಿಲ್ಬರ್ಟ್ ವಾಬ್ಯಾಶ್‌ನಲ್ಲೇ ಆಡಿ ಬೆಳೆದವರು. ಆ ಗಂಟೆ ಏನು ಅಂತ ಅವರಿಗೆ ಯಾರೂ ಪಾಠ ಮಾಡಬೇಕಿಲ್ಲ.

ಬಸ್ಯಾ, ನಿನಗೊಂದು: 1977ರಲ್ಲಿ ವಾಬ್ಯಾಶ್ ಡಿವಿಷನ್ ಮೂರರ ಫೈನಲ್ ಆಡಿತ್ತು. ವೈಡ್ನರ್ ಕಾಲೇಜಿನ ಎದುರು 39-36ರಲ್ಲಿ ಸೋತಿತು. ನಿಮ್ಮ ಐವತ್ತು ಸಾವಿರ ಸೀಟು ರಾಷ್ಟ್ರೀಯ ಫೈನಲ್ ಅಂತ ನೋಡಿದ್ದು ಯಾವಾಗ?

ಬಾಯ್ಲರ್ ಬಸ್ಯಾ:

ಇದು ಅನ್ಯಾಯ. ನಾನು ಬರೀ ಪಾಪ್‌ಕಾರ್ನ್ ತಿನ್ನುತ್ತಾ ಓದುತ್ತೇನೆ.

ಜಯನಗರ ಟೈಗರ್:

2001 ಬಂದೇ ಬರುತ್ತದೆ ಅಂತ ಗೊತ್ತಿತ್ತು. ಹಾಗಾದರೆ 2007 ತಗೊಳ್ಳಿ. ಅವತ್ತೂ 21-21. ಅವತ್ತೂ ಕೊನೆಯ ಆಟ. ನಮ್ಮ ಜೋರ್ಡನ್ ಹ್ಯಾವರ್‌ಕ್ಯಾಂಪ್ 47 ಗಜದಿಂದ ಒದ್ದ. ಕಾಲೇಜು ಹುಡುಗನಿಗೆ, ಅದೂ ಡಿವಿಷನ್ ಮೂರರಲ್ಲಿ, 47 ಗಜ ಅಂದರೆ ಏನು ಅಂತ ಬಸ್ಯಾನನ್ನೇ ಕೇಳಿ. ಕಂಬದ ನಡುವೆ ಹೋಯಿತು, ಮೂರು ಪಾಯಿಂಟ್. 24-21. ನಿಮ್ಮದು ಕೈ ತಾಗಿ ಕೈಗೆ ಬಿದ್ದ ಅದೃಷ್ಟ. ನಮ್ಮದು ಗುರಿ ಇಟ್ಟು ಒದ್ದದ್ದು. ವ್ಯತ್ಯಾಸ ಇದೆ.

ಲೈನ್ ಗಟ್ಟಿ ಅಂತೀರಿ. ಇರಲಿ. ಆದರೆ ನೀವೇ ಹೇಳಿದ ಹಾಗೆ ಮೂರು ಪಾಯಿಂಟಿನ ಪಂದ್ಯ ಆದರೆ ಗೆಲ್ಲಿಸುವುದು ಲೈನ್ ಅಲ್ಲ, ಕಿಕ್ಕರ್. ಅಲ್ಲೇ ನಿಮ್ಮ ವಾದ ಮುರಿಯಿತು.

ಅತ್ತೆ, ಗಂಟೆ ಕದಿಯುವ ಕತೆ ಇವರು ಇನ್ನೂ ಹೇಳಿಲ್ಲ, ಆಶ್ಚರ್ಯ. 1965ರಲ್ಲಿ ವಾಬ್ಯಾಶ್ ಹುಡುಗನೊಬ್ಬ ಮೆಕ್ಸಿಕೋ ಕಡೆಯ ಅಧಿಕಾರಿ ಅಂತ ವೇಷ ಕಟ್ಟಿ ಡಿಪಾಗೆ ಬಂದ. ಮೆಕ್ಸಿಕೋ ವಿದ್ಯಾರ್ಥಿಗಳ ವಿಚಾರ ಅಂತ ಏನೋ ನೆಪ. ನಮ್ಮವರು ಪಾಪ, ಮರ್ಯಾದೆಯಿಂದ ಎಲ್ಲ ಸುತ್ತಾಡಿಸಿ ಗಂಟೆ ಎಲ್ಲಿ ಬಚ್ಚಿಟ್ಟಿದ್ದೇವೆ ಅಂತಲೂ ತೋರಿಸಿದರು. ಆಮೇಲೆ ರಾತ್ರಿ ವಾಬ್ಯಾಶ್‌ನವರು ಬಂದು ಎತ್ತಿಕೊಂಡು ಹೋದರು. 'ಆಪರೇಷನ್ ಫ್ರಿಹೋಲೆಸ್' ಅಂತ ಅದಕ್ಕೆ ಹೆಸರು ಬೇರೆ. ಮೈದಾನದಲ್ಲಿ ಆಗದಿದ್ದನ್ನು ಹೀಗೆ ಮಾಡುತ್ತಾರೆ, ನೋಡಿ.

ಮೈಸೂರು ಲಿಟಲ್ ಜೈಂಟ್:

ಎರಡೂ ಕಡೆಯವರು ಕದ್ದಿದ್ದಾರೆ ಮೇಡಂ, ಹಲವು ಸಲ. ನಮ್ಮವರು ಸ್ವಲ್ಪ ಕಲೆಯಿಂದ ಕದ್ದರು ಅಷ್ಟೇ.

ಅದಕ್ಕೇ ಬೆಲ್ ವಾರದಲ್ಲಿ ಮೊದಲ ವರ್ಷದವರು ರಾತ್ರಿ ಕ್ಯಾಂಪಸ್ ಕಾಯಬೇಕು. ನನ್ನ ಪಾಳಿ ನಡುರಾತ್ರಿ ಎರಡರಿಂದ. ಎರಡು ಸ್ವೆಟರ್, ಅದರ ಮೇಲೆ ಅಮ್ಮ ದೇವರಾಜ ಅರಸು ರಸ್ತೆಯಲ್ಲಿ ಕೊಂಡು ಕಳಿಸಿದ ಮಂಕಿ ಕ್ಯಾಪ್. ಅಯೋವಾದ ರೈತನ ಮಗ ಒಬ್ಬ, ನಾನೊಬ್ಬ, ನಡುವೆ ಒಂದು ಟಾರ್ಚು. ಡಿಪಾದ ದಂಡು ಬರುತ್ತದೆ ಅಂತ ಕಾದೆವು. ಬಂದದ್ದು ಒಂದು ರಕೂನ್. ಅವನು ಅದನ್ನೂ ಡ್ಯಾನಿ ಅಂತಲೇ ಓಡಿಸಿದ. ಇವತ್ತಿಗೂ ನನ್ನ ಮಗಳ ಹುಟ್ಟುಹಬ್ಬಕ್ಕೆ ತಪ್ಪದೆ ಫೋನ್ ಮಾಡುವವನು ಅವನೇ.

ಗಂಭೀರವಾದದ್ದು ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. 1910ರಲ್ಲಿ ಈ ಪಂದ್ಯ ನಡೆಯಲಿಲ್ಲ. ಆ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್ ಯೂನಿವರ್ಸಿಟಿ ಎದುರಿನ ಪಂದ್ಯದಲ್ಲಿ ಪೆಟ್ಟು ಬಿದ್ದು ನಮ್ಮ ರಾಲ್ಫ್ ವಿಲ್ಸನ್ ತೀರಿಕೊಂಡ. ಉಳಿದ ಸೀಸನ್ ಕೈಬಿಟ್ಟರು. ಪ್ರಾಣ ಹೋಗುವ ಮೊದಲು ಅವನು ಕೇಳಿದ್ದು 'ವಾಬ್ಯಾಶ್ ಗೆದ್ದಿತಾ?' ಅಂತ ಹೇಳುತ್ತಾರೆ. ಗೆದ್ದಿತ್ತು. ಮೊದಲ ವರ್ಷ ಈ ಕತೆ ಕೇಳಿದಾಗ ನನಗೆ ಇದೆಲ್ಲ ಅತಿಯಾಯಿತು ಅನ್ನಿಸಿತ್ತು. ಒಬ್ಬ ಹುಡುಗ ಸತ್ತದ್ದನ್ನು ಕಾಲೇಜಿನ ಹೆಮ್ಮೆ ಮಾಡಿಕೊಳ್ಳುವುದು ಈಗಲೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಅಲ್ಲಿನವರು ಆ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ.

ಕಿಕ್ಕರ್ ವಿಚಾರ: ನಲವತ್ತು ಗಜದ ಒಳಗೆ ತಂದು ಕೊಡುವುದು ಯಾರು? ಲೈನ್. ವಾದ ಮುರಿದಿಲ್ಲ.

ಜಯನಗರ ಟೈಗರ್:

ಪಂದ್ಯ ಸಾಮಾನ್ಯವಾಗಿ ಅಲ್ಲಿ ಮಧ್ಯಾಹ್ನ ಒಂದರ ಸುಮಾರಿಗೆ. ಇಲ್ಲಿ ರಾತ್ರಿ ಹನ್ನೊಂದೂವರೆ. ಅಮೆರಿಕದ ಊರೂರಲ್ಲಿ ಎರಡೂ ಕಾಲೇಜಿನ ಹಳಬರು ಒಂದೇ ಬಾರಿನಲ್ಲಿ ಕೂತು ದೊಡ್ಡ ಟಿವಿಯಲ್ಲಿ ನೋಡುತ್ತಾರೆ. ಜಯನಗರದಲ್ಲಿ ನಾನೊಬ್ಬಳೇ, ಲ್ಯಾಪ್‌ಟಾಪು, ಹೆಡ್‌ಫೋನು. ಹೋದ ಸಲ ಟಚ್‌ಡೌನ್‌ಗೆ ಕಿರುಚಿದ್ದಕ್ಕೆ ಕೆಳಗಿನ ಮನೆಯವರು ಹಲ್ಲಿ ಬಿತ್ತಾ ಅಂತ ಕೇಳಿದರು.

ಅತ್ತೆ, ಬ್ಲಾಂಕೆಟ್ ಎರಡು ತಗೊಂಡು ಹೋಗಿ. ಅಲ್ಯೂಮಿನಿಯಂ ಬೆಂಚು ಬಹಳ ತಣ್ಣಗಿರುತ್ತದೆ.

ಕಾರ್ಮೆಲ್ ಅತ್ತೆ:

ಎಲ್ಲರಿಗೂ ಥ್ಯಾಂಕ್ಸ್. ನಿಮ್ಮ ಜಗಳ ಓದಿ ಯಜಮಾನರೂ ನಾನೂ ಊಟ ಲೇಟ್ ಮಾಡಿದೆವು.

ತೀರ್ಮಾನ ಹೀಗೆ. ಮೊದಲರ್ಧ ನಾನು ಡಿಪಾ ಕಡೆ, ಹುಡುಗನ ಜೊತೆ. ಅವನ ಮುಖ ನೋಡಿ ಇಲ್ಲ ಅನ್ನಲಾಗದು. ಹಾಫ್ ಟೈಮಿಗೆ ಯಜಮಾನರು ಈ ಕಡೆ, ನಾನು ಆ ಕಡೆ. ಐದು ದಪ್ಪ ಹುಡುಗರನ್ನೇ ನೋಡುತ್ತೇನೆ, ಮಾತು ಕೊಟ್ಟೆ. ಅಣ್ಣನ ಮಗನಿಗೆ ಈ ಲೈನ್ ವಿಚಾರ ಹೇಳಿದೆ, 'ಅತ್ತೆ, ಅದು ವಾಲಿ ಪ್ರಚಾರ' ಅಂದ.

ಚಿತ್ರಾನ್ನ, ಮೊಸರನ್ನ ಪಾರ್ಕಿಂಗ್‌ನಲ್ಲಿ ಹನ್ನೊಂದೂವರೆಗೆ. ಬಸ್ಯಾ, ನೀನೂ ಬಾ, ಸುಮ್ಮನೆ ಪಾಪ್‌ಕಾರ್ನ್ ತಿನ್ನಬೇಡ. ನನ್ನ ಕೋಟು ಕೆಂಪು, ಬೇರೆ ಇಲ್ಲ. ಡಿಪಾ ಕಡೆ ಹಾಗೇ ಕೂತರೆ ಏನಾದರೂ ತೊಂದರೆಯೇ?

ಜಯನಗರ ಟೈಗರ್:

ಇದೆ. ಅದರ ಮೇಲೆ ಒಂದು ಹಳದಿ ಶಾಲು ಹೊದ್ದುಕೊಳ್ಳಿ.

ಮೈಸೂರು ಲಿಟಲ್ ಜೈಂಟ್:

ಹಾಫ್ ಟೈಮಿಗೆ ಶಾಲು ತೆಗೆಯಿರಿ. ಚಿತ್ರಾನ್ನಕ್ಕೆ ಕಡಲೆಕಾಯಿ ಬೀಜ ಜಾಸ್ತಿ ಇರಲಿ.