ಸಹಾಯ ಬೇಕು: ಆಫೀಸಿಗೂ ಆಟೋಕ್ರಾಸ್‌ಗೂ ಒಂದೇ ಸೆಟ್ ಟೈರ್
ಗುರುಗಳೇ, ನನ್ ಸ್ವಿಫ್ಟ್ ಟೈರ್ ಸವೆದು ಗೆರೆಗಳ ಆಳ 2 ಎಂಎಂ ಹತ್ರ ಬಂದಿದೆ, ಮಳೆಗಾಲಕ್ಕೆ ಮುಂಚೆ ಚೇಂಜ್ ಮಾಡ್ಲೇಬೇಕು. ದಿನಾ ಹೆಬ್ಬಾಳದಿಂದ ಬೆಳ್ಳಂದೂರಿಗೆ ಓಡಾಟ, ರಿಂಗ್ ರೋಡ್ ಗುಂಡಿಗಳ ಬಗ್ಗೆ ಹೇಳೋದೇ ಬೇಡ, ಅದ್ರ ಮೇಲೆ ತಿಂಗ್ಳಿಗೊಂದ್ ಭಾನುವಾರ ಆಟೋಕ್ರಾಸ್ ಹುಚ್ಚು ಬೇರೆ (ಕೋನ್‌ಗಳ ಸುತ್ತ ಟೈಮ್ ನೋಡ್ಕೊಂಡ್ ಕಾರ್ ಓಡಿಸೋ ಸ್ಪರ್ಧೆ, ಟಾರ್ ಮೇಲೆ, ಮಣ್ಣಲ್ಲಲ್ಲ). ಈಗಿರೋ ಟೈರ್ ಸೈಜ್ 185/65 ಆರ್15, ಕೋನ್ ಸುತ್ತೋವಾಗ ಸೈಡ್‌ವಾಲ್ (ಟೈರಿನ ಪಕ್ಕದ ಭಾಗ) ಮಡಚ್ಕೊಂಡು ಮುಂದುಗಡೆ ಜಾರ್ಕೊಂಡ್ ಹೋಗುತ್ತೆ. 195/60 ಆರ್15 ಹಾಕಿದ್ರೆ ಸುತ್ತಳತೆ ಸುಮಾರು 1% ಅಷ್ಟೇ ಕಮ್ಮಿ ಆಗೋದು, ಸ್ಪೀಡೋಮೀಟರ್ ತಲೆನೋವಿಲ್ಲ. ಟ್ರೆಡ್‌ವೇರ್ (ಸವೆತದ ರೇಟಿಂಗ್, ನಂಬರ್ ಕಮ್ಮಿ ಇದ್ದಷ್ಟೂ ಬೇಗ ಸವೆಯುತ್ತೆ) 200ರ ಮೆತ್ತನೆ ಟೈರ್ ಹಿಡಿತ ಚೆನ್ನಾಗಿರುತ್ತೆ ಸರಿ, ಆದ್ರೆ ಬೇಗ ಸವೆಯುತ್ತೆ, ಮಳೇಲಿ ನಿಂತ ನೀರಿನ ಮೇಲೆ ತೇಲಿಬಿಟ್ರೆ ಅಂತ ಭಯ. ಇನ್ನೊಂದ್ ಸೆಟ್ ರಿಮ್ ಇಟ್ಕೊಳಕ್ಕೆ ಬಾಡಿಗೆ ಮನೇಲಿ ಜಾಗ ಇಲ್ಲ, ಓನರ್ ಆಂಟಿ ಈಗ್ಲೇ ಗೊಣಗ್ತಾರೆ. ಟ್ರೆಡ್‌ವೇರ್ 300ರ ಆಸುಪಾಸಿನದ್ದು ಹಾಕ್ಸಿ ಎರಡಕ್ಕೂ ಓಡಿಸ್ತಿರೋರು ಯಾರಾದ್ರೂ ಇದೀರಾ, ಎಷ್ಟ್ ಸಾವಿರ ಕಿಲೋಮೀಟರ್ ಬಂತು, ಆಟೋಕ್ರಾಸ್ ದಿನ ಗಾಳಿ ಎಷ್ಟ್ ಇಡ್ತೀರಾ?