ಬದುಕಿದ ಸಸಿಗೆ 125 ರೂಪಾಯಿ: ಮೊದಲ ಬೇಸಿಗೆಯ ಖರ್ಚು ಯಾರದ್ದು?

ಶಿರಾ ರೈತ:
ಎಲ್ಲರಿಗೂ ನಮಸ್ಕಾರ. ಶಿರಾ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಖುಷ್ಕಿ ಜಮೀನು. ಶೇಂಗಾ ಹಾಕಿ ಹಾಕಿ ಸಾಕಾಗಿದೆ. ಒಂದು ಎಕರೆಯಲ್ಲಿ ಮರ ಬೆಳೆಸೋಣ ಅಂತ ಮನೆಯಲ್ಲಿ ಮಾತಾಡಿದ್ದೇವೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಕಡಿಮೆ ದರಕ್ಕೆ ಸಸಿ ಸಿಗುತ್ತದೆ. ಬದುಕಿದ ಪ್ರತಿ ಸಸಿಗೆ ಮೊದಲ ವರ್ಷ ಮುಗಿದಾಗ 35, ಎರಡನೇ ವರ್ಷಕ್ಕೆ 40, ಮೂರನೇ ವರ್ಷಕ್ಕೆ 50, ಒಟ್ಟು 125 ರೂಪಾಯಿ. ಹೆಕ್ಟೇರಿಗೆ 400 ಸಸಿ ತನಕ. ಅಂದರೆ ಎಕರೆಗೆ ಸುಮಾರು 160. ಎಲ್ಲ ಉಳಿದರೆ 20,000 ರೂಪಾಯಿ. ಇದನ್ನು ನಂಬಿ ಇಳಿಯಬಹುದಾ?

ಹೊಂಗೆ ನೆರಳು:
ಇಳಿಯಿರಿ, ಆದರೆ ಆ 20,000ವನ್ನು ನಂಬಿ ಇಳಿಯಬೇಡಿ. ನಾನು 150 ಹೆಬ್ಬೇವು ಹಾಕಿದ್ದೆ. ಮೊದಲ ಬೇಸಿಗೆ ಕಳೆದಾಗ ಉಳಿದದ್ದು 90 ಚಿಲ್ಲರೆ. ಗುಂಡಿ ತೆಗೆಸಿದ ಕೂಲಿ, ಗೊಬ್ಬರ, ಮಾರ್ಚ್‌ನಿಂದ ಮೇ ತನಕ ಟ್ಯಾಂಕರ್ ನೀರು, ಆಡು ಬರದಂತೆ ಮುಳ್ಳುಬೇಲಿ, ಎಲ್ಲಾ ಕೈಯಿಂದಲೇ ಹೋಯಿತು. ಸತ್ತ ಸಸಿಗೆ ಸುರಿದ ನೀರಿಗೆ ಲೆಕ್ಕವೇ ಇಲ್ಲ. ಸಣ್ಣ ರೈತನಿಗೆ ಹಣ ಬೇಕಾಗುವುದು ಗುಂಡಿ ತೋಡುವ ದಿನ, ವರ್ಷ ಕಳೆದ ಮೇಲಲ್ಲ.

ಮಲೆನಾಡಿನ ಮಗಳು:
ಅಣ್ಣಾ, ಇದನ್ನು ನಾನು ಒಪ್ಪುವುದಿಲ್ಲ. ನೆಟ್ಟ ದಿನವೇ ದುಡ್ಡು ಕೊಟ್ಟರೆ ಏನಾಗುತ್ತದೆ ಅಂತ ನಮಗೆ ಗೊತ್ತಿಲ್ವಾ? ಜೂನ್‌ನಲ್ಲಿ ಸಸಿ ಹಿಡಿದು ಫೋಟೋ, ಡಿಸೆಂಬರ್‌ನಲ್ಲಿ ಬರೀ ಗುಂಡಿ. ಬದುಕಿದ್ದಕ್ಕೆ ಮಾತ್ರ ಹಣ ಅನ್ನುವುದೇ ಈ ಯೋಜನೆಯಲ್ಲಿ ನನಗೆ ತುಂಬಾ ಹಿಡಿಸಿದ್ದು. 2011-12ರಲ್ಲಿ ಶುರುವಾದಾಗ ಸಸಿಗೆ ಕೊಡುತ್ತಿದ್ದದ್ದು ಈಗಿನದಕ್ಕಿಂತ ತೀರಾ ಕಡಿಮೆ. ಮೊತ್ತ ಇನ್ನೂ ಏರಲಿ ಅಂತ ಕೇಳೋಣ. ನಿಯಮ ಸಡಿಲಿಸಿ ಅಂತ ಕೇಳುವುದು ಬೇಡ.

ಹೊಂಗೆ ನೆರಳು:
ಅಕ್ಕಾ, ನಿಮ್ಮ ಕಡೆ ಮಳೆಯೇ ಸಸಿ ಸಾಕುತ್ತದೆ. ಇಲ್ಲಿ ಮೊದಲ ಎರಡು ಬೇಸಿಗೆ ನಾವೇ ಕೊಡ ಹೊತ್ತು ಸಾಕಬೇಕು. ಶಿರಾಕ್ಕೂ ತೀರ್ಥಹಳ್ಳಿಗೂ ಒಂದೇ 35 ರೂಪಾಯಿ ಅಂದರೆ ಹೇಗೆ? ನಿಯಮ ಇರಲಿ. ಬಯಲುಸೀಮೆಗೆ ಮೊದಲ ವರ್ಷದ ಪಾಲು ಜಾಸ್ತಿ ಮಾಡಲಿ. ನಾನು ಕೇಳುತ್ತಿರುವುದು ಅಷ್ಟೇ.

ಮಲೆನಾಡಿನ ಮಗಳು:
ಅದು ನ್ಯಾಯವಾದ ಮಾತು. ಮಳೆ ಲೆಕ್ಕ ನಾನು ಯೋಚಿಸಿರಲಿಲ್ಲ.

ಕೋಲಾರದವನು:
ಯಾವ ಮರ ಅನ್ನುವುದನ್ನೂ ಮಾತಾಡೋಣ. ನಮ್ಮ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ನೀಲಗಿರಿ. ನೆಟ್ಟು ಮರೆತರೂ ದುಡ್ಡು ಬರುತ್ತಿತ್ತು. ಕೊನೆಗೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡಬಾರದು ಅಂತ ಆದೇಶ ಮಾಡಿತು. ಈ ಯೋಜನೆಯಲ್ಲಿ ನೀಲಗಿರಿ, ಅಕೇಶಿಯ, ಸಿಲ್ವರ್ ಓಕ್, ತೆಂಗು, ಅಡಿಕೆ, ಕಸಿ ಮಾವಿಗೆ ಪ್ರೋತ್ಸಾಹಧನ ಇಲ್ಲ. ಒಳ್ಳೆಯದೇ. ಆದರೆ ಈಗ ಎಲ್ಲರೂ ಹೆಬ್ಬೇವಿನ ಹಿಂದೆ ಬಿದ್ದಿದ್ದಾರೆ. ಎಕರೆಗಟ್ಟಲೆ ಒಂದೇ ಮರ ಹಾಕಿದರೆ ಅದು ತೋಪು, ಕಾಡಲ್ಲ. ಹುಣಸೆ, ಬೇವು, ಹೊಂಗೆ, ನೇರಳೆ ಬೆರೆಸಿ ಹಾಕಿ. ಬರಗಾಲದಲ್ಲೂ ಹುಣಸೆ ನಾಲ್ಕು ಕಾಸು ಕೊಡುತ್ತದೆ.

ಗಂಧದ ಹೊಲ:
ನನ್ನ ಪ್ರಕಾರ ಈ 125 ರೂಪಾಯಿಗಿಂತ ದೊಡ್ಡ ವಿಷಯ ಒಂದಿದೆ. ಮರ ನನ್ನದು ಅನ್ನುವ ಧೈರ್ಯ. 2001ರ ತಿದ್ದುಪಡಿಗೆ ಮುಂಚೆ ನಮ್ಮ ಹೊಲದಲ್ಲಿ ತಾನಾಗಿ ಹುಟ್ಟಿದ ಶ್ರೀಗಂಧವೂ ಸರ್ಕಾರದ್ದೇ. ಅದಕ್ಕೇ ನಮ್ಮಜ್ಜ ಗಂಧದ ಸಸಿ ಕಂಡರೆ ಕಿತ್ತು ಬಿಸಾಕುತ್ತಿದ್ದರು. ಮರ ಇದ್ದರೆ ಕೇಸು, ಕಳುವಾದರೆ ಇನ್ನೊಂದು ಕೇಸು ಅನ್ನುವ ಭಯ. ಕಾನೂನು ಬದಲಾದ ಮೇಲೆ ಅದೇ ಹೊಲದಲ್ಲಿ ನಾನು ಗಂಧ ಹಾಕಿದ್ದೇನೆ, ಪಕ್ಕದಲ್ಲಿ ತೊಗರಿ, ಗಂಧದ ಬೇರು ಪಕ್ಕದ ಗಿಡದ ಬೇರಿನಿಂದ ಸಾರ ಹೀರಿ ಬೆಳೆಯುತ್ತದಲ್ಲ. ಅಜ್ಜ ನೋಡಬೇಕಿತ್ತು.
ಆದರೆ ಕಡಿಯುವಾಗ ಈಗಲೂ ಪರವಾನಗಿ ಬೇಕು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕೆಲವು ಜಾತಿಗೆ ವಿನಾಯಿತಿ ಇದೆ, ತೇಗದಂಥವಕ್ಕೆ ಇಲ್ಲ. ನಮ್ಮ ಪರಿಚಯದವರೊಬ್ಬರು ಮನೆ ಕಟ್ಟಲು ತಮ್ಮದೇ ತೇಗ ಕಡಿಯಲು ಎಂಟು ತಿಂಗಳು ಅಲೆದರು. ಅದನ್ನು ನೋಡಿದ ಪಕ್ಕದ ಹೊಲದವರು ಮರದ ಆಸೆಯನ್ನೇ ಬಿಟ್ಟರು. ನೆಡುವುದಕ್ಕೆ ಕೊಡುವಷ್ಟೇ ಗಮನ ಕಡಿಯುವ ಕಾಗದಕ್ಕೂ ಕೊಟ್ಟರೆ ರೈತರು ತಾವಾಗಿಯೇ ಮರ ಹಾಕುತ್ತಾರೆ.

ಕೋಲಾರದವನು:
ಪರವಾನಗಿ ಪೂರ್ತಿ ತೆಗೆದರೆ ಮರದ ವ್ಯಾಪಾರಿಗಳು ಸುಮ್ನೆ ಇರುತ್ತಾರಾ? ರೈತನ ಹೆಸರಿನಲ್ಲಿ ಪಕ್ಕದ ಕಾಡಿನ ಮರವೂ ಲಾರಿ ಹತ್ತುತ್ತದೆ.

ಗಂಧದ ಹೊಲ:
ತೆಗೆಯಿರಿ ಅನ್ನಲಿಲ್ಲ ಸರ್. ನೆಟ್ಟಾಗಲೇ ಪಹಣಿಯಲ್ಲಿ ಮರಗಳ ಲೆಕ್ಕ ಬರೆಸಿಕೊಳ್ಳಲಿ. ಬದುಕಿದ ಸಸಿ ಎಣಿಸಲು ಮೂರು ವರ್ಷ ಹೇಗೂ ಬರುತ್ತಾರಲ್ಲ, ಅದೇ ಎಣಿಕೆಯನ್ನು ಮುಂದೆ ಕಡಿಯುವಾಗ ದಾಖಲೆ ಅಂತ ಒಪ್ಪಲಿ.

ಶಿರಾ ರೈತ:
ಎಲ್ಲರ ಮಾತೂ ಓದಿ ಅಪ್ಪನಿಗೂ ಹೇಳಿದೆ. ಈ ಜೂನ್‌ಗೆ ಪೂರ್ತಿ ಎಕರೆ ಬೇಡ, ಬದುವಿನ ಗುಂಟ 60 ಸಸಿ ಅಂತ ತೀರ್ಮಾನ ಮಾಡಿದ್ದೇವೆ. ಅಷ್ಟಕ್ಕಾದರೆ ಬೇಸಿಗೆಯಲ್ಲಿ ನಾವೇ ನೀರು ಹಾಕಬಹುದು. ಅರ್ಧ ಹುಣಸೆ, ಉಳಿದದ್ದು ಬೇವು, ಹೊಂಗೆ. ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಬಿಟ್ಟು ಬೇರೆ ಏನಾದರೂ ಒಯ್ಯಬೇಕಾ?

ಹೊಂಗೆ ನೆರಳು:
ನಿಮ್ಮ ಒಂದೆರಡು ಫೋಟೋ ಜೊತೆಗಿರಲಿ. ಮಳೆ ಶುರುವಾದ ಮೇಲೆ ಹೋದರೆ ಒಳ್ಳೆಯ ಸಸಿ ಖಾಲಿಯಾಗಿರುತ್ತದೆ. ಈಗಲೇ ಹೋಗಿ ಹೆಸರು ಬರೆಸಿ. ಗುಂಡಿ ಮೇ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಡಿ.