ಮೀನು ಮೊಟ್ಟೆ ಇಡುವ ಕಾಲ: ಗಾಳ ದಡದಲ್ಲೋ, ಆಳದಲ್ಲೋ?

ಬೆಣ್ಣೆತೊರಾ ಗಾಳ:
ಎಲ್ಲರಿಗೂ ನಮಸ್ಕಾರ. ಕಲಬುರಗಿಯವನು, ರಜೆ ಸಿಕ್ಕರೆ ಬೆಣ್ಣೆತೊರಾ ಹಿನ್ನೀರಿಗೆ ಹೋಗುತ್ತೇನೆ. ಈಚೆಗೆ ಅಮೆರಿಕದ ಕ್ರಾಪಿ ಮೀನಿನ ವಿಡಿಯೊ ಜಾಸ್ತಿ ನೋಡಿದೆ. ಅಲ್ಲಿ ಚಳಿ ಕಳೆದು ನೀರು 16ರಿಂದ 20 ಡಿಗ್ರಿಗೆ ಬಂದರೆ ಕ್ರಾಪಿ ಮೊಟ್ಟೆ ಇಡಲು ದಡಕ್ಕೆ ಬರುತ್ತದೆ, ಗಂಡು ಗೂಡು ಕಾಯುತ್ತಾ ಅಲ್ಲೇ ಇರುತ್ತದೆ, ಸುಲಭವಾಗಿ ಸಿಗುತ್ತದೆ. ಆಮೇಲೆ ಆಳಕ್ಕಿಳಿದು ಮುಳುಗಿದ ಮರದ ಕೊಂಬೆ ಹತ್ತಿರ ನಿಲ್ಲುತ್ತದೆ. ಅದನ್ನೇ ನಂಬಿ ಯುಗಾದಿ ಆದ ಮೇಲೆ ಮೂರು ಭಾನುವಾರ ಮೊಣಕಾಲುದ್ದ ನೀರಲ್ಲೇ ಗಾಳ ಹಾಕಿದೆ. ಜಿಲೇಬಿ ಮೀನು (ತಿಲಾಪಿಯಾ) ಬಿಟ್ಟು ಏನೂ ಬೀಳಲಿಲ್ಲ. ರೋಹು, ಕಾಟ್ಲಾ ದಡಕ್ಕೆ ಬರುವುದು ಯಾವಾಗ?

ಕಾರಂಜಾ ದಂಡೆ:
ತಮ್ಮಾ, ನಮ್ಮ ಕಡೆ ಮೀನು ಕಾಯುವುದು ಮುಂಗಾರನ್ನು, ಯುಗಾದಿಯನ್ನಲ್ಲ. ರೋಹು, ಕಾಟ್ಲಾ, ಮೃಗಾಲ್ ಹೊಸ ನೀರು ಬಂದು ಹೊಳೆ ಹರಿಯುವಾಗ ಮೊಟ್ಟೆ ಇಡುತ್ತವೆ, ನಿಂತ ನೀರಲ್ಲಿ ಇಡುವುದಿಲ್ಲ. ಅದಕ್ಕೇ ಕೆರೆಗಳಿಗೆ ಮರಿ ತಂದು ಬಿಡುತ್ತಾರೆ. 1957ರಲ್ಲಿ ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಮೀನಿಗೆ ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸಿದರು, ಇವತ್ತು ಮರಿ ಸಿಗುತ್ತಿರುವುದು ಆ ದಾರಿಯಿಂದಲೇ. ಈಗ ಬ್ಯಾಸಿಗಿ. ನಸುಕಿನಲ್ಲಿ ಹೋಗಿ, ಶೇಂಗಾ ಹಿಂಡಿ ಜೋಳದ ಹಿಟ್ಟಿನ ಜೊತೆ ಗಟ್ಟಿಯಾಗಿ ಕಲಸಿ ಆಳದಲ್ಲಿ ಹಾಕಿ. ಮೃಗಾಲ್ ತಳದಲ್ಲಿ ಮೇಯುತ್ತದೆ, ರೋಹು ನಡುನೀರಲ್ಲಿ, ಕಾಟ್ಲಾ ಮೇಲೆ. ಗಾಳದ ದಾರದಲ್ಲಿ ತೇಲುವ ಬೆಂಡು ಅದಕ್ಕೆ ತಕ್ಕಂತೆ ಏರಿಸಿ ಇಳಿಸಿ ನೋಡಿ.

ಭೀಮಾ ತೀರದವ, ಯಾದಗಿರಿ:
ಅಣ್ಣ ಹೇಳಿದ್ದು ಸರಿ. ಕ್ರಾಪಿ ಥರ ಗೂಡು ಮಾಡುವುದು ನಮ್ಮಲ್ಲಿ ಜಿಲೇಬಿ. ಗಂಡು ದಡದ ಕೆಸರಲ್ಲಿ ತಟ್ಟೆಯಂಥ ಗುಂಡಿ ತೋಡುತ್ತದೆ, ಹೆಣ್ಣು ಮೊಟ್ಟೆಯನ್ನು ಬಾಯಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಎಷ್ಟು ಹಿಡಿದರೂ ಪರವಾಗಿಲ್ಲ, ಕೆರೆ ತುಂಬಾ ಅದೇ ಆಗಿಬಿಡುತ್ತದೆ.

ಆದರೆ ಕೊರ್ರ ಮೀನಿನ (ಮುರೆಲ್, ಹಾವಿನಂಥ ತಲೆಯದು) ವಿಷಯದಲ್ಲಿ ದಯವಿಟ್ಟು ಕೇಳಿ. ಮಳೆಗಾಲದಲ್ಲಿ ಜೊಂಡಿನ ಪಕ್ಕ ಕಿತ್ತಳೆ ಬಣ್ಣದ ಸಣ್ಣ ಮರಿಗಳು ಒಂದೇ ಗುಂಪಾಗಿ ಮೇಲೆ ಬಂದು ಕುದಿಯುವ ಹಾಗೆ ಕಾಣುತ್ತವೆ. ಕೆಳಗೆ ತಂದೆ ತಾಯಿ ಇರುತ್ತವೆ. ಏನು ಹಾಕಿದರೂ ಹೊಡೆಯುತ್ತವೆ, ಹಸಿವಿಗಲ್ಲ, ಮರಿ ಉಳಿಸಿಕೊಳ್ಳಲು. ನಾನೂ ಒಮ್ಮೆ ಹಾಗೆ ಎಳೆದಿದ್ದೇನೆ. ಮೀನು ಚೀಲಕ್ಕೆ ಹಾಕಿ ತಿರುಗಿ ನೋಡುವಷ್ಟರಲ್ಲಿ ಬೇರೆ ಮೀನುಗಳು ಆ ಮರಿಗಳಿಗೆ ಬಾಯಿ ಹಾಕುತ್ತಿದ್ದವು. ಅವತ್ತು ಊಟ ಸೇರಲಿಲ್ಲ.

ಬೆಣ್ಣೆತೊರಾ ಗಾಳ:
ಇದು ಗೊತ್ತೇ ಇರಲಿಲ್ಲ, ಹೇಳಿದ್ದು ಒಳ್ಳೆಯದಾಯಿತು. ಹಾಗಾದರೆ ಕೊರ್ರ ಎಷ್ಟು ದಿನ ಬಿಡಬೇಕು?

ಭೀಮಾ ತೀರದವ, ಯಾದಗಿರಿ:
ದಿನ ಎಣಿಸಬೇಡಿ, ಮರಿ ನೋಡಿ. ಬಣ್ಣ ಕಪ್ಪಾಗಿ ಅವು ಚದುರಿದ ಮೇಲೆ ದೊಡ್ಡವು ಹಸಿದಿರುತ್ತವೆ. ಆಗ ಸಣ್ಣ ಕಪ್ಪೆ ಸಿಕ್ಕಿಸಿ ಜೊಂಡಿನ ಅಂಚಿಗೆ ಎಸೆಯಿರಿ.

ಕಾರಂಜಾ ದಂಡೆ:
ಒಂದು ಮಾತು ಬಿಟ್ಟಿದ್ದೆ. ಮೊದಲ ಕೆಂಪು ನೀರು ಬಂದ ದಿನ ಹಳ್ಳ ಬಂದು ಸೇರುವ ಬಾಯಿಯಲ್ಲಿ ಮೀನು ಗುಂಪುಗಟ್ಟಿ ಎದುರು ಈಜುತ್ತವೆ, ಜನ ಬಲೆ ಹಿಡಿದು ಅಲ್ಲೇ ನಿಂತಿರುತ್ತಾರೆ. ನೀವು ಹೋಗಬೇಡಿ, ಹೊಟ್ಟೆ ತುಂಬಾ ಮೊಟ್ಟೆ ಇರುತ್ತದೆ. ಕೆರೆಯಾದರೆ ಗುತ್ತಿಗೆದಾರನನ್ನು ಕೇಳಿಯೇ ಗಾಳ ಹಾಕಿ.